ಬಳಸುವವನ ಕೈಗೆ ಒಗ್ಗುವ ಸರಕು: ವಿನ್ಯಾಸದ ತತ್ತ್ವಗಳು ಮತ್ತು ನಮ್ಮ ಲೆಕ್ಕದ ಪುಸ್ತಕ

ಸಣ್ಣ ಉತ್ಪಾದನಾ ಘಟಕವೊಂದರ ಲೆಕ್ಕಪತ್ರಗಳನ್ನು ಪರಿಶೋಧಿಸುವಾಗ ‘ಮಾರಾಟ ವಾಪಸಾತಿ’ ಮತ್ತು ‘ಖಾತರಿ ಅವಧಿಯ ದುರಸ್ತಿ ವೆಚ್ಚ’ ಎಂಬ ಎರಡು ಖಾತೆಗಳು ಸಾಮಾನ್ಯವಾಗಿ ಎದುರಾಗುತ್ತವೆ. ಎಷ್ಟು ಸರಕು ಹಿಂದಿರುಗಿತು, ಅದರ ಮೌಲ್ಯವೆಷ್ಟು, ಸಾಗಾಣಿಕೆಗೆ ಎಷ್ಟು ತಗುಲಿತು ಎಂಬುದು ಪೈಸೆ ಸಮೇತ ಅಲ್ಲಿ ದಾಖಲಾಗಿರುತ್ತದೆ. ಏಕೆ ಹಿಂದಿರುಗಿತು ಎಂಬುದಕ್ಕೆ ಮಾತ್ರ ಬಹುಮಟ್ಟಿಗೆ ಒಂದೇ ಪದ: ‘ದೋಷಯುಕ್ತ’. ಹಿಂದಿರುಗಿದ ಸರಕನ್ನು ಪರೀಕ್ಷೆಯ ಮೇಜಿನ ಮೇಲಿಟ್ಟು ನಡೆಸಿ ನೋಡಿದರೆ ಅದರಲ್ಲಿ ಕೆಲವು ಯಾವ ದೋಷವೂ ಇಲ್ಲದೆ ಚೆನ್ನಾಗಿಯೇ ನಡೆಯುವುದುಂಟು. ಕೊಂಡವನಿಗೆ ಅದನ್ನು ನಡೆಸುವ ಬಗೆ ತಿಳಿಯಲಿಲ್ಲ, ಅಷ್ಟೆ. ಈ ಬಗೆಯ ನಷ್ಟಕ್ಕೆ ನಮ್ಮ ಲೆಕ್ಕಶಾಸ್ತ್ರದಲ್ಲಿ ಪ್ರತ್ಯೇಕ ಶೀರ್ಷಿಕೆಯಿಲ್ಲ. ಇದ್ದಿದ್ದರೆ, ಅದರ ಮೊತ್ತವನ್ನು ಕಂಡು ಅನೇಕ ಮಾಲೀಕರು ತಮ್ಮ ಸರಕಿನ ವಿನ್ಯಾಸದ ಕಡೆಗೆ ಇನ್ನಷ್ಟು ಬೇಗ ಗಮನ ಹರಿಸುತ್ತಿದ್ದರೆಂದು ನನ್ನ ಅಭಿಪ್ರಾಯ.

ವಸ್ತುವಿಗೂ ಅದನ್ನು ಬಳಸುವ ವ್ಯಕ್ತಿಗೂ ನಡುವೆ ನಡೆಯುವ ಕೊಡುಕೊಳೆಯನ್ನು ಯೋಜಿಸುವ ಶಾಸ್ತ್ರಕ್ಕೆ ‘ಇಂಟರ್‌ಆ್ಯಕ್ಷನ್ ಡಿಸೈನ್’ ಎಂದು ಹೆಸರು. 1980ರ ದಶಕದ ಮಧ್ಯದಲ್ಲಿ ಬಿಲ್ ಮೋಗ್ರಿಜ್ ಮತ್ತು ಬಿಲ್ ವರ್ಪ್ಲಾಂಕ್ ಎಂಬ ವಿನ್ಯಾಸಕಾರರು ಈ ಹೆಸರನ್ನು ಬಳಕೆಗೆ ತಂದರು. 1988ರಲ್ಲಿ ಅಮೆರಿಕದ ಮನೋವಿಜ್ಞಾನಿ ಡೊನಾಲ್ಡ್ ನಾರ್ಮನ್ ಅವರು ದಿನಬಳಕೆಯ ವಸ್ತುಗಳನ್ನು ಕುರಿತು ಬರೆದ ಗ್ರಂಥದಿಂದ ಇದರ ತತ್ತ್ವಗಳು ಜನಸಾಮಾನ್ಯರಿಗೂ ತಿಳಿದವು. ಬಾಗಿಲು, ಒಲೆ, ನಲ್ಲಿ, ದೂರವಾಣಿ ಇವೇ ಅವರ ಉದಾಹರಣೆಗಳು. ಮುಂದೆ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯೂ 1999ರಲ್ಲಿ ಇದಕ್ಕೊಂದು ಮಾನಕವನ್ನು ಹೊರಡಿಸಿತು. 2010ರಲ್ಲಿ ಅದರ ಸ್ಥಾನಕ್ಕೆ ಐಎಸ್‌ಒ 9241ರ 210ನೆಯ ಭಾಗ ಬಂದು, 2019ರಲ್ಲಿ ಪರಿಷ್ಕೃತಗೊಂಡಿತು. ಗಣಕಯಂತ್ರದ ತಜ್ಞರಿಗೆ ಮಾತ್ರ ಸಂಬಂಧಿಸಿದ ವಿಷಯವೆಂದು ಇದನ್ನು ಬದಿಗೆ ಸರಿಸುವವರಿದ್ದಾರೆ. ಗುಂಡಿ, ಹಿಡಿಕೆ, ದೀಪ, ಮುಚ್ಚಳ, ಪರದೆ ಇವುಗಳಲ್ಲಿ ಒಂದಾದರೂ ಇರುವ ಯಾವುದೇ ಸರಕನ್ನು ತಯಾರಿಸುವವನಿಗೆ ಅಥವಾ ಮಾರುವವನಿಗೆ ಇದು ಸಂಬಂಧಿಸಿದ್ದೇ ಆಗಿದೆ.

ಮೂರು ಜೊತೆ ಕಣ್ಣುಗಳು ಕಾಣದೇ ಹೋದದ್ದು

ವಿನ್ಯಾಸದ ಲೋಪಕ್ಕೆ ತೆರಬೇಕಾದ ಬೆಲೆ ಎಷ್ಟಿರಬಹುದೆಂಬುದನ್ನು ತಿಳಿಯಲು ಅಮೆರಿಕದ ಸಿಟಿಬ್ಯಾಂಕಿನಲ್ಲಿ 2020ರ ಆಗಸ್ಟ್ 11ರಂದು ನಡೆದ ಪ್ರಸಂಗವನ್ನು ಲೆಕ್ಕ ಬಲ್ಲವರೆಲ್ಲರೂ ಒಮ್ಮೆ ಗಮನಿಸಬೇಕು. ರೆವ್ಲಾನ್ ಎಂಬ ಸೌಂದರ್ಯವರ್ಧಕ ಕಂಪನಿ ಪಡೆದ ಸಾಲಕ್ಕೆ ಆ ಬ್ಯಾಂಕು ಮಧ್ಯವರ್ತಿಯಾಗಿತ್ತು. ಸಾಲ ಕೊಟ್ಟವರಿಗೆ ಸುಮಾರು 78 ಲಕ್ಷ ಡಾಲರ್ ಬಡ್ಡಿಯನ್ನು ಹಂಚಬೇಕಿತ್ತು. ಬ್ಯಾಂಕಿನಿಂದ ಹೊರಗೆ ಹೋದದ್ದು ಸುಮಾರು 90 ಕೋಟಿ ಡಾಲರ್. 2023ರಲ್ಲಿ ತೀರಬೇಕಿದ್ದ ಅಸಲೆಲ್ಲವೂ ಬ್ಯಾಂಕಿನ ಸ್ವಂತ ಹಣದಿಂದ ಪಾವತಿಯಾಗಿಬಿಟ್ಟಿತ್ತು.

ನಡೆದದ್ದಿಷ್ಟು. ಅಂದು ಮಾಡಬೇಕಾಗಿದ್ದ ವಿಶೇಷ ಬಗೆಯ ಬಡ್ಡಿ ಪಾವತಿಯನ್ನು ನೇರವಾಗಿ ಮಾಡಲು ಬ್ಯಾಂಕಿನ ಫ್ಲೆಕ್ಸ್‌ಕ್ಯೂಬ್ ತಂತ್ರಾಂಶದಲ್ಲಿ ಅವಕಾಶವಿರಲಿಲ್ಲ. ಇಡೀ ಸಾಲವೇ ತೀರಿತೆಂಬಂತೆ ನಮೂದಿಸಿ, ಅಸಲಿನ ಭಾಗವನ್ನು ಬ್ಯಾಂಕಿನೊಳಗಿನ ಒಂದು ತಾತ್ಕಾಲಿಕ ಖಾತೆಗೆ ತಿರುಗಿಸಬೇಕಿತ್ತು. ಹಾಗೆ ತಿರುಗಿಸಲು ಪರದೆಯ ಮೇಲೆ ‘ಪ್ರಿನ್ಸಿಪಲ್’, ‘ಫ್ರಂಟ್’, ‘ಫಂಡ್’ ಎಂಬ ಮೂರು ಚೌಕಗಳನ್ನೂ ಗುರುತು ಮಾಡಿ, ಮೂರರಲ್ಲೂ ಆ ಖಾತೆಯ ಸಂಖ್ಯೆಯನ್ನು ತುಂಬಬೇಕು. ಅಸಲನ್ನು ತಡೆಹಿಡಿಯಲು ‘ಪ್ರಿನ್ಸಿಪಲ್’, ಅಂದರೆ ಅಸಲು, ಎಂದು ಬರೆದಿರುವ ಚೌಕವೊಂದೇ ಸಾಕೆಂದು ಯಾರಿಗಾದರೂ ಅನ್ನಿಸುವುದು ಸಹಜ. ನಮೂದಿಸಿದವನಿಗೂ ಹಾಗೆಯೇ ಅನ್ನಿಸಿತು. ಪರಿಶೀಲಿಸಿದ ಎರಡನೆಯವನಿಗೂ, ಅಂತಿಮ ಒಪ್ಪಿಗೆ ನೀಡಿದ ಹಿರಿಯ ಅಧಿಕಾರಿಗೂ ಅನ್ನಿಸಿತು. ಮೊದಲಿನ ಇಬ್ಬರು ಭಾರತದಲ್ಲಿದ್ದ ಹೊರಗುತ್ತಿಗೆ ಸಂಸ್ಥೆಯ ನೌಕರರು, ಮೂರನೆಯವರು ಅಮೆರಿಕದಲ್ಲಿದ್ದ ಬ್ಯಾಂಕಿನ ಅಧಿಕಾರಿ. ಒಪ್ಪಿಗೆಗೆ ಮುನ್ನ ತಂತ್ರಾಂಶವು ಎಚ್ಚರಿಕೆಯನ್ನು ಕೊಡಲಿಲ್ಲವೇ? ಕೊಟ್ಟಿತು. ಹಣ ಬ್ಯಾಂಕಿನಿಂದ ಹೊರಗೆ ಹೋಗಲಿದೆ, ಮುಂದುವರಿಯಬೇಕೇ ಎಂದು ಕೇಳಿತು. ಬಡ್ಡಿಯ ಹಣ ಹೊರಗೆ ಹೋಗಬೇಕಾದುದೇ ಆಗಿದ್ದರಿಂದ ಆ ಎಚ್ಚರಿಕೆ ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ. ಎಷ್ಟು ಹಣ ಹೊರಗೆ ಹೋಗುತ್ತದೆಂಬ ಒಂದು ಅಂಕಿಯನ್ನು ಅದು ತೋರಿಸಿದ್ದರೆ ಕಥೆ ಅಲ್ಲಿಗೇ ನಿಲ್ಲುತ್ತಿತ್ತು.

ಮರುದಿನ ತಪ್ಪು ತಿಳಿದ ಮೇಲೆ ಕೆಲವರು ಹಣ ಹಿಂದಿರುಗಿಸಿದರು. ಉಳಿದವರು ತಮಗೆ ಬರಬೇಕಾದ ಸಾಲವೇ ಬಂದಿದೆಯೆಂದು ಸುಮಾರು 50 ಕೋಟಿ ಡಾಲರನ್ನು ಇಟ್ಟುಕೊಂಡರು. 2021ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಬ್ಯಾಂಕಿನ ವಿರುದ್ಧ ತೀರ್ಪು ನೀಡಿತು. 2022ರ ಸೆಪ್ಟೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ರದ್ದುಪಡಿಸಿತು. ಎರಡು ವರ್ಷಗಳ ಕಾಲ ಅಷ್ಟು ದೊಡ್ಡ ಮೊತ್ತ ವ್ಯಾಜ್ಯದಲ್ಲಿ ಸಿಲುಕಿದ್ದಕ್ಕೆ ಮೂಲ, ಎರಡು ಖಾಲಿ ಚೌಕಗಳು.

ನಮ್ಮ ವೃತ್ತಿಯಲ್ಲಿ ಒಬ್ಬನು ಬರೆದದ್ದನ್ನು ಇನ್ನೊಬ್ಬನು ಪರಿಶೀಲಿಸುವ ಆಂತರಿಕ ತಡೆಯ ವ್ಯವಸ್ಥೆಗೆ ಬಹಳ ಗೌರವವಿದೆ. ಆದರೆ ಮೂವರೂ ಅದೇ ಗೊಂದಲದ ಪರದೆಯನ್ನೇ ನೋಡುವುದಾದರೆ ಮೂರು ಒಪ್ಪಿಗೆಗಳ ಬೆಲೆ ಒಂದು ಒಪ್ಪಿಗೆಯ ಬೆಲೆಗಿಂತ ಹೆಚ್ಚೇನೂ ಇರುವುದಿಲ್ಲ. ಪ್ರತಿ ಬಾರಿಯೂ ‘ಖಚಿತವೇ?’ ಎಂದು ಕೇಳುವ ಯಂತ್ರಕ್ಕೆ ಮನುಷ್ಯ ಓದದೆಯೇ ‘ಹೌದು’ ಎನ್ನಲು ಕಲಿಯುತ್ತಾನೆ. ಕ್ರಿಯೆಯನ್ನು ಹಿಂತೆಗೆಯಲು ಸಾಧ್ಯವಿಲ್ಲದ ಕಡೆ ಅದರ ಪರಿಣಾಮವನ್ನೇ ಮುಂಚಿತವಾಗಿ ತೋರಿಸಬೇಕು. ಸರಕು ಮತ್ತು ಸೇವಾ ತೆರಿಗೆಯ 3ಬಿ ವಿವರಪಟ್ಟಿಯನ್ನು ಒಮ್ಮೆ ಸಲ್ಲಿಸಿದ ಮೇಲೆ ಪರಿಷ್ಕರಿಸಲು ಬಾರದು, ಸರಿಪಡಿಸುವುದೇನಿದ್ದರೂ ಮುಂದಿನ ಅವಧಿಯಲ್ಲಿ ಎಂಬುದನ್ನು ಬಲ್ಲ ನಮ್ಮ ಸದಸ್ಯರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ.

ಉತ್ತರ ಕೊಡುವ ಯಂತ್ರ

ಬಳಕೆದಾರನು ಏನನ್ನಾದರೂ ಮಾಡಿದೊಡನೆ ವಸ್ತುವು ಅದಕ್ಕೆ ಪ್ರತ್ಯುತ್ತರ ಕೊಡಬೇಕು ಎಂಬುದು ಈ ಶಾಸ್ತ್ರದ ಇನ್ನೊಂದು ಮುಖ್ಯ ತತ್ತ್ವ. ಆ ಉತ್ತರ ನಿಜವೂ ಆಗಿರಬೇಕು. 1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣು ವಿದ್ಯುತ್ ಸ್ಥಾವರದಲ್ಲಿ ಒಂದು ಕವಾಟ ತೆರೆದೇ ಉಳಿದು ತಂಪು ನೀರು ಸೋರಿಹೋಯಿತು. ನಿಯಂತ್ರಣ ಫಲಕದ ದೀಪ ಮಾತ್ರ ಆರಿತ್ತು. ಕವಾಟ ಮುಚ್ಚಿದೆಯೆಂದು ಸಿಬ್ಬಂದಿ ಭಾವಿಸಿದರು. ಆ ದೀಪ ತಿಳಿಸುತ್ತಿದ್ದುದು ಕವಾಟಕ್ಕೆ ಮುಚ್ಚುವ ಆಜ್ಞೆ ಹೋಗಿದೆ ಎಂಬುದನ್ನಷ್ಟೆ. ಚೆಕ್ಕನ್ನು ಬರೆದುಕೊಟ್ಟ ಮಾತ್ರಕ್ಕೆ ಹಣ ಸಂದಾಯವಾಯಿತೆಂದು ತಿಳಿದಂತೆ ಇದು. ಬ್ಯಾಂಕ್ ಸಮನ್ವಯ ಪಟ್ಟಿಯನ್ನು ನಾವು ಪ್ರತಿ ತಿಂಗಳು ತಯಾರಿಸುವುದು ಈ ಎರಡರ ಅಂತರವನ್ನು ಅರಿಯಲೆಂದೇ.

ಇದೇ ತತ್ತ್ವದ ಸೊಗಸಾದ ಬಳಕೆ ಇಂದು ನಮ್ಮ ಕಿರಾಣಿ ಅಂಗಡಿಗಳ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕುಳಿತಿದೆ. 2016ರಲ್ಲಿ ಯುಪಿಐ ಪಾವತಿ ಆರಂಭವಾದ ಮೇಲೆ, ಹಣ ಬಂದಿತೇ ಇಲ್ಲವೇ ಎಂಬುದನ್ನು ತಿಳಿಯಲು ಅಂಗಡಿಯವನು ಗಿರಾಕಿಯ ಮೊಬೈಲ್ ಪರದೆಯನ್ನು ನಂಬಬೇಕಾಗಿತ್ತು, ಇಲ್ಲವೇ ತೂಕದ ಕೆಲಸ ಬಿಟ್ಟು ತನ್ನ ಮೊಬೈಲನ್ನು ತೆರೆಯಬೇಕಾಗಿತ್ತು. ಹಳೆಯ ಪಾವತಿಯ ಚಿತ್ರವನ್ನು ತೋರಿಸಿ ಮೋಸ ಮಾಡಿದವರೂ ಇದ್ದರು. 2019ರಲ್ಲಿ ಪೇಟಿಎಂ ಸಂಸ್ಥೆ ಸೌಂಡ್‌ಬಾಕ್ಸ್ ಎಂಬ ಪುಟ್ಟ ಪೆಟ್ಟಿಗೆಯನ್ನು ತಂದಿತು. ಇತರ ಸಂಸ್ಥೆಗಳೂ ಹಿಂಬಾಲಿಸಿದವು. ಹಣ ಅಂಗಡಿಯವನ ಲೆಕ್ಕಕ್ಕೆ ಸೇರಿದ ಮೇಲೆ ಮೊತ್ತವನ್ನು ಕನ್ನಡದಲ್ಲೂ ಗಟ್ಟಿಯಾಗಿ ಹೇಳುವುದಷ್ಟೇ ಅದರ ಕೆಲಸ. ಕಣ್ಣು ತಕ್ಕಡಿಯ ಮೇಲೆ, ಕೈ ಸರಕಿನ ಮೇಲೆ ಇರುವ ಮನುಷ್ಯನಿಗೆ ಬಿಡುವಾಗಿರುವ ಇಂದ್ರಿಯ ಕಿವಿಯೊಂದೇ ಎಂಬುದನ್ನು ಕಂಡುಕೊಂಡವರು ಅಂಗಡಿಯಲ್ಲಿ ನಿಂತು ನೋಡಿದವರೇ ಇರಬೇಕು.

ತಪ್ಪಿಗೆ ದಾರಿ ಕೊಡದಿರುವುದು

‘ಎಚ್ಚರಿಕೆಯಿಂದ ಬಳಸಿ’ ಎಂದು ಚೀಟಿ ಅಂಟಿಸುವುದು ಅಗ್ಗದ ಉಪಾಯ, ಆದ್ದರಿಂದಲೇ ದುರ್ಬಲ. ತಪ್ಪಾಗಿ ಬಳಸಲು ಸಾಧ್ಯವೇ ಆಗದಂತೆ ವಸ್ತುವಿನ ಆಕಾರವನ್ನೇ ರೂಪಿಸುವುದು ಮೇಲು. ನಮ್ಮ ಮೂರು ಕಡ್ಡಿಗಳ ವಿದ್ಯುತ್ ಪ್ಲಗ್ಗನ್ನು ಗಮನಿಸಿರಿ. ಭೂಸಂಪರ್ಕದ ಕಡ್ಡಿ ಉಳಿದೆರಡಕ್ಕಿಂತ ದಪ್ಪವಾಗಿಯೂ ಉದ್ದವಾಗಿಯೂ ಇರುತ್ತದೆ. ದಪ್ಪವಾಗಿರುವುದರಿಂದ ತಲೆಕೆಳಗಾಗಿ ತೂರಿಸಲು ಬಾರದು. ಉದ್ದವಾಗಿರುವುದರಿಂದ ಸುರಕ್ಷತೆಯ ಸಂಪರ್ಕ ಮೊದಲು ಏರ್ಪಡುತ್ತದೆ, ಕಡೆಗೆ ಕಳಚುತ್ತದೆ. ಓದುಬರಹ ಬಾರದವನನ್ನೂ ಅದು ಕಾಯುತ್ತದೆ. ಅನೇಕ ಎಟಿಎಂಗಳಲ್ಲಿ ಮೊದಲು ಕಾರ್ಡು ಹೊರಬಂದು ಆಮೇಲೆ ಹಣ ಬರುವುದಕ್ಕೂ ಇದೇ ಕಾರಣ. ಬಂದ ಕೆಲಸ ಮುಗಿದೊಡನೆ ಮನುಷ್ಯ ಹೊರಟುಬಿಡುತ್ತಾನೆ. ಹಣ ಮೊದಲು ಕೈಸೇರಿದರೆ ಕಾರ್ಡು ಯಂತ್ರದಲ್ಲೇ ಉಳಿಯುತ್ತದೆ.

ಪ್ರೆಷರ್ ಕುಕ್ಕರಿನ ಇತಿಹಾಸ ನಮ್ಮ ಉತ್ಪಾದಕರಿಗೆ ಇನ್ನೂ ಹತ್ತಿರದ ಪಾಠ. ಹಾಕಿನ್ಸ್ ಕುಕ್ಕರಿನ ಮುಚ್ಚಳ ಪಾತ್ರೆಯ ಒಳಗಿನಿಂದ ಕೂಡುತ್ತದೆ. ಒಳಗೆ ಒತ್ತಡವಿರುವಷ್ಟು ಹೊತ್ತು ಆ ಒತ್ತಡವೇ ಮುಚ್ಚಳವನ್ನು ಬಿಗಿಯಾಗಿ ಹಿಡಿದಿರುತ್ತದೆ. ಆತುರಗಾರರಿಗೆ ಅದನ್ನು ತೆಗೆಯಲು ಆಗುವುದಿಲ್ಲ. ಬೆಂಗಳೂರನ್ನು ಕೇಂದ್ರವಾಗಿಟ್ಟುಕೊಂಡಿರುವ ಟಿಟಿಕೆ ಪ್ರೆಸ್ಟೀಜ್ ಸಂಸ್ಥೆಯದು ಮುಚ್ಚಳ ಹೊರಗಿನಿಂದ ಕೂಡುವ ಕುಕ್ಕರು. ಒಂದು ಕಾಲದಲ್ಲಿ ಉತ್ತರ ಭಾರತದಲ್ಲಿ ಅವರ ಕುಕ್ಕರುಗಳು ಸಿಡಿದ ಪ್ರಕರಣಗಳು ನಡೆದವು. ವಿಚಾರಿಸಿದಾಗ ತಿಳಿದದ್ದು, ಗ್ರಾಹಕರು ಸುರಕ್ಷತಾ ಕವಾಟವನ್ನು ಬದಲಿಸುವಾಗ ಪೇಟೆಯ ನಕಲಿ ಕವಾಟವನ್ನು ಹಾಕಿಕೊಂಡಿದ್ದರು ಎಂದು. ‘ನಕಲಿ ಬಿಡಿಭಾಗ ಬಳಸಿದ್ದು ನಿಮ್ಮ ತಪ್ಪು’ ಎಂದು ಉತ್ತರ ಬರೆದು ಕೈತೊಳೆದುಕೊಳ್ಳಬಹುದಿತ್ತು. ಕಾನೂನಿನ ದೃಷ್ಟಿಯಿಂದ ಅದು ಸಾಧುವೂ ಆಗಿದ್ದೀತು. ಆಗ ಸಂಸ್ಥೆಯನ್ನು ನಡೆಸುತ್ತಿದ್ದ ಟಿ.ಟಿ. ಜಗನ್ನಾಥನ್ ಅವರು, ಸ್ವತಃ ಎಂಜಿನಿಯರಾಗಿದ್ದವರು, ಮುಚ್ಚಳದ ಅಂಚಿನಲ್ಲಿ ಒಂದು ಕಿಂಡಿಯನ್ನು ಮಾಡಿಸಿದರು. ಕವಾಟ ಕೆಲಸ ಮಾಡದೆ ಒತ್ತಡ ಮಿತಿಮೀರಿದರೆ ರಬ್ಬರಿನ ಗ್ಯಾಸ್ಕೆಟ್ ಆ ಕಿಂಡಿಯಿಂದ ಹೊರಚಾಚಿ ಹಬೆಯನ್ನು ಬಿಟ್ಟುಬಿಡುತ್ತದೆ. ಅಡುಗೆ ಕೆಡಬಹುದು, ಜೀವ ಉಳಿಯುತ್ತದೆ. ಇದಕ್ಕೆ ಬೇಕಾದದ್ದು ಮುಚ್ಚಳದಲ್ಲಿ ಒಂದು ಕಿಂಡಿ, ಮೊದಲೇ ಇದ್ದ ಗ್ಯಾಸ್ಕೆಟ್ ಮತ್ತು ಗ್ರಾಹಕ ಹೀಗೆಯೇ ನಡೆದುಕೊಳ್ಳುತ್ತಾನೆಂಬ ವಾಸ್ತವದ ಒಪ್ಪಿಗೆ.

ನಮ್ಮಲ್ಲಿ ಹೆಚ್ಚಿನವರ ಮೇಜಿನ ಮೇಲಿರುವ ಟ್ಯಾಲಿಯೂ ಬೆಂಗಳೂರಿನದೇ ಉತ್ಪನ್ನ. 1986ರಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಅವರ ಪುತ್ರ ಭರತ್ ಗೋಯೆಂಕಾ ಸ್ಥಾಪಿಸಿದ ಸಂಸ್ಥೆಯದು. ಪ್ರತಿ ಖಾತೆಗೂ ಒಂದು ಸಂಕೇತ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಬೇಕಾಗಿದ್ದ ಕಾಲದಲ್ಲಿ ಅವರು ಸಂಕೇತವನ್ನೇ ಕೈಬಿಟ್ಟು, ಗುಮಾಸ್ತನು ವಹಿಯಲ್ಲಿ ಬರೆಯುತ್ತಿದ್ದ ಹೆಸರನ್ನೇ ಬರೆಯಲು ಅವಕಾಶ ಮಾಡಿದರು. ಖರ್ಚಿನ ಕಡೆ ಮತ್ತು ಜಮೆಯ ಕಡೆ ಸಮವಾಗದೆ ವೋಚರು ಮುಗಿಯುವುದಿಲ್ಲ. ಖಾತೆಯ ಹೆಸರನ್ನು ಆರಿಸಿದೊಡನೆ ಅದರ ಶಿಲ್ಕು ಕೆಳಗೆ ಕಾಣುತ್ತದೆ, ಹೆಸರು ತಪ್ಪಿದ್ದರೆ ಶಿಲ್ಕು ನೋಡಿಯೇ ಗುಮಾಸ್ತ ಹುಬ್ಬೇರಿಸುತ್ತಾನೆ. ಗಣಕಯಂತ್ರವನ್ನು ಎಂದೂ ಮುಟ್ಟಿರದ ಮುನೀಮರು ಅದನ್ನು ಕಲಿತದ್ದು ಯಂತ್ರ ಅವರ ಭಾಷೆಯನ್ನು ಮೊದಲು ಕಲಿತಿದ್ದರಿಂದ.

ಯಾವ ಗುಂಡಿ ಯಾವುದಕ್ಕೆ

ಎರಡು ಉರಿಗಳ ಗ್ಯಾಸ್ ಒಲೆಯಲ್ಲಿ ಎಡದ ತಿರುಪು ಎಡದ ಉರಿಗೆ, ಬಲದ್ದು ಬಲಕ್ಕೆ. ಕೇಳುವ ಅಗತ್ಯವೇ ಇಲ್ಲ. ನಾಲ್ಕು ಉರಿಗಳನ್ನು ಚೌಕಾಕಾರದಲ್ಲಿಟ್ಟು ತಿರುಪುಗಳನ್ನು ಮಾತ್ರ ಒಂದೇ ಸಾಲಿನಲ್ಲಿ ಜೋಡಿಸಿದರೆ ಗೃಹಿಣಿ ಪ್ರತಿದಿನ ಊಹಿಸಬೇಕಾಗುತ್ತದೆ. ನಿಯಂತ್ರಣದ ಜಾಗ ಮತ್ತು ನಿಯಂತ್ರಿತ ವಸ್ತುವಿನ ಜಾಗ ಹೊಂದಿಕೆಯಾಗಬೇಕೆಂಬ ಈ ನಿಯಮವನ್ನು ನಮ್ಮ ಮನೆಗಳ ಸ್ವಿಚ್ ಫಲಕಗಳು ಎಂದೂ ಪಾಲಿಸಿದ್ದಿಲ್ಲ. ರಫ್ತುದಾರರಿಗೆ ಇಲ್ಲೊಂದು ಎಚ್ಚರಿಕೆ: ಭಾರತದಲ್ಲಿ ಸ್ವಿಚ್ಚನ್ನು ಕೆಳಗೆ ಒತ್ತಿದರೆ ದೀಪ ಹೊತ್ತುತ್ತದೆ, ಅಮೆರಿಕದಲ್ಲಿ ಮೇಲೆ ಒತ್ತಿದರೆ. ಬಳಕೆದಾರನ ರೂಢಿಯೂ ಒಂದು ಮಾನಕವೇ.

ಪಾಠವಾಗಬಲ್ಲ ಒಂದು ಯಂತ್ರ

ಈ ತತ್ತ್ವಗಳೆಲ್ಲ ಒಂದೇ ಕಡೆ ಸೇರಿರುವುದನ್ನು ನೋಡಬೇಕೆಂದರೆ ನಮ್ಮ ವಿದ್ಯುನ್ಮಾನ ಮತಯಂತ್ರವನ್ನು ನೋಡಬೇಕು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಇದನ್ನು ತಯಾರಿಸುತ್ತವೆ. ಇದರ ಬಾಹ್ಯ ವಿನ್ಯಾಸದಲ್ಲಿ ಮುಂಬಯಿಯ ಐಐಟಿಯ ವಿನ್ಯಾಸ ಕೇಂದ್ರದ ಪ್ರಾಧ್ಯಾಪಕರ ಪಾತ್ರವಿದೆ. 1982ರಲ್ಲಿ ಕೇರಳದ ಪರವೂರು ಕ್ಷೇತ್ರದ ಕೆಲವು ಮತಗಟ್ಟೆಗಳಲ್ಲಿ ಮೊದಲ ಬಾರಿಗೆ ಬಳಕೆಯಾಗಿ, 2004ರ ಲೋಕಸಭಾ ಚುನಾವಣೆಯ ವೇಳೆಗೆ ದೇಶದ ಎಲ್ಲ ಕ್ಷೇತ್ರಗಳನ್ನೂ ತಲುಪಿತು. ಯಂತ್ರದ ಬಗ್ಗೆ ನಡೆದಿರುವ ರಾಜಕೀಯ ಚರ್ಚೆ ಈ ಲೇಖನದ ವ್ಯಾಪ್ತಿಗೆ ಸೇರಿಲ್ಲ. ಅದರ ಬಳಕೆದಾರನ ಬಗ್ಗೆ ಮಾತ್ರ ಯೋಚಿಸೋಣ. ಅವನಿಗೆ ಓದು ಬಾರದಿರಬಹುದು. ಐದು ವರ್ಷಗಳಿಗೊಮ್ಮೆ, ಒಂದೆರಡು ನಿಮಿಷ ಮಾತ್ರ ಅವನು ಆ ಯಂತ್ರವನ್ನು ಮುಟ್ಟುತ್ತಾನೆ. ಪಕ್ಕದಲ್ಲಿ ನಿಂತು ಹೇಳಿಕೊಡಲು ಯಾರೂ ಇರಕೂಡದು. ಇದಕ್ಕಿಂತ ಕಠಿಣವಾದ ಗ್ರಾಹಕ ನಮಗೆ ಸಿಗಲಾರ.

ಮತಯಂತ್ರದ ಮೇಲೆ ಅಂಟಿಸಿರುವ ಕಾಗದ ಹಳೆಯ ಮತಪತ್ರದ ಪ್ರತಿರೂಪವೇ: ಹೆಸರು, ಪಕ್ಕದಲ್ಲಿ ಚಿಹ್ನೆ. ಮುದ್ರೆ ಒತ್ತುತ್ತಿದ್ದ ಜಾಗದಲ್ಲಿ ಈಗ ಒಂದು ನೀಲಿ ಗುಂಡಿ. ಜನರ ಮನಸ್ಸಿನಲ್ಲಿ ಮೊದಲೇ ಇದ್ದ ಚಿತ್ರವನ್ನು ಕದಲಿಸದೆ ಯಂತ್ರವನ್ನು ಅದರೊಳಗೆ ಕೂಡಿಸಿದ್ದಾರೆ. ಹೆಸರಿನ ಸಾಲಿನಲ್ಲೇ ಗುಂಡಿ, ಗುಂಡಿಯ ಸಾಲಿನಲ್ಲೇ ದೀಪ. ಯಾವುದು ಯಾವುದಕ್ಕೆಂಬ ಸಂಶಯಕ್ಕೆ ಎಡೆಯಿಲ್ಲ. ಒತ್ತಿದೊಡನೆ ಕೆಂಪು ದೀಪ ಕಣ್ಣಿಗೆ, ದೀರ್ಘವಾದ ಶಬ್ದ ಕಿವಿಗೆ. ಆ ಶಬ್ದ ಮತಗಟ್ಟೆಯ ಅಧಿಕಾರಿಗೂ ಕೇಳುತ್ತದೆ, ಯಾರಿಗೆ ಮತ ಬಿತ್ತೆಂಬುದು ಮಾತ್ರ ತಿಳಿಯುವುದಿಲ್ಲ. ಅಧಿಕಾರಿಯು ತನ್ನ ಬಳಿಯ ನಿಯಂತ್ರಣ ಘಟಕದಿಂದ ಮತ್ತೆ ಅನುಮತಿ ಕೊಡುವವರೆಗೆ ಎಷ್ಟು ಬಾರಿ ಒತ್ತಿದರೂ ಎರಡನೆಯ ಮತ ದಾಖಲಾಗದು. ದೃಷ್ಟಿಯಿಲ್ಲದವರಿಗೆ ಬ್ರೈಲ್ ಅಂಕಿಗಳಿವೆ. ವಿದ್ಯುತ್ ಇಲ್ಲದ ಊರಿನಲ್ಲೂ ಬ್ಯಾಟರಿಯಿಂದ ನಡೆಯುತ್ತದೆ. ಯಂತ್ರ ಒಳಗೆ ಏನನ್ನು ಬರೆದುಕೊಂಡಿತು ಎಂಬ ಪ್ರಶ್ನೆಗೆ, ತ್ರೀ ಮೈಲ್ ಐಲೆಂಡಿನ ದೀಪದ ಪ್ರಶ್ನೆಯೇ ಇದು, ಉತ್ತರವಾಗಿ 2013ರಲ್ಲಿ ಮತ ಖಾತರಿ ಚೀಟಿಯ ಯಂತ್ರವನ್ನು ಮೊದಲ ಬಾರಿಗೆ ಬಳಸಲಾಯಿತು. ಮುದ್ರಿತ ಚೀಟಿ ಗಾಜಿನ ಹಿಂದೆ ಏಳು ಸೆಕೆಂಡು ಕಾಣಿಸಿ ಪೆಟ್ಟಿಗೆಗೆ ಬೀಳುತ್ತದೆ. ನಾಲ್ಕು ದಶಕಗಳ ಹಿಂದೆ ಆರಂಭವಾದ ವಿನ್ಯಾಸವೂ ಬಳಕೆದಾರನ ಸಂಶಯಕ್ಕೆ ತಕ್ಕಂತೆ ಬೆಳೆಯಬೇಕಾಯಿತು ಎಂಬುದು ಗಮನಾರ್ಹ.

ಐವರನ್ನು ಕರೆಯಿರಿ

ಇಷ್ಟೆಲ್ಲ ಮಾಡಲು ದೊಡ್ಡ ಸಂಸ್ಥೆಗಳಿಗೆ ಮಾತ್ರ ಸಾಧ್ಯವೆಂದು ಸಣ್ಣ ಉದ್ಯಮಿಗಳು ಹೇಳುವುದನ್ನು ಕೇಳಿದ್ದೇನೆ. ಖರ್ಚಿನ ಲೆಕ್ಕ ಹಾಕಿ ನೋಡೋಣ. ಬಳಕೆಯ ಸುಲಭತೆಯ ತಜ್ಞರಾದ ಜೇಕಬ್ ನೀಲ್ಸನ್ ಅವರು 2000ದಲ್ಲಿ ಒಂದು ಸೂತ್ರವನ್ನು ಜನಪ್ರಿಯಗೊಳಿಸಿದರು. ಒಬ್ಬ ಬಳಕೆದಾರನನ್ನು ಗಮನಿಸಿದರೆ ವಿನ್ಯಾಸದ ತೊಡಕುಗಳಲ್ಲಿ ಸರಾಸರಿ ಶೇ. 31ರಷ್ಟು ಕಾಣಸಿಗುತ್ತವೆ, ಎರಡನೆಯವನಿಂದ ಉಳಿದದ್ದರಲ್ಲಿ ಶೇ. 31, ಹೀಗೆಯೇ ಮುಂದೆ. ನಮ್ಮ ಇಳಿಕೆ ಮೌಲ್ಯ ಪದ್ಧತಿಯ ಸವಕಳಿಯಂತೆಯೇ ಇದು. 100 ತೊಡಕುಗಳಿದ್ದರೆ ಮೊದಲನೆಯವನ ನಂತರ ಕಾಣದೆ ಉಳಿಯುವುದು 69, ಎರಡನೆಯವನ ನಂತರ ಸುಮಾರು 48, ಮುಂದೆ 33, 23, ಐದನೆಯವನ ನಂತರ 16ಕ್ಕೂ ಕಡಿಮೆ. ಎಲ್ಲ ಸರಕಿಗೂ ಇದೇ ದರ ಅನ್ವಯಿಸುವುದೆಂದು ನಂಬಬೇಕಿಲ್ಲ. ಈ ಬಗ್ಗೆ ತಜ್ಞರಲ್ಲೇ ಭಿನ್ನಾಭಿಪ್ರಾಯವಿದೆ. ಆದರೆ ಐವರಿಂದ ಕಲಿತು ತಿದ್ದಿ, ಮತ್ತೆ ಬೇರೆ ಐವರನ್ನು ಕರೆಯುವುದು ಒಮ್ಮೆಗೇ ಹದಿನೈದು ಜನರನ್ನು ಕರೆಯುವುದಕ್ಕಿಂತ ಲಾಭಕರ ಎಂಬ ಅವರ ಸಲಹೆ ವ್ಯವಹಾರಜ್ಞಾನಕ್ಕೂ ಒಪ್ಪುತ್ತದೆ.

ಕರೆಯಬೇಕಾದವರು ಕಾರ್ಖಾನೆಯ ಫೋರ್‌ಮನ್, ಮಾಲೀಕರ ಮಗ, ವಿತರಕ ಇವರಾಗಿರಬಾರದು. ಅವರಿಗೆಲ್ಲ ಸರಕು ಮೊದಲೇ ಗೊತ್ತು. ಪಂಪಿನ ಸ್ಟಾರ್ಟರ್ ಆದರೆ ರೈತ, ತೂಕದ ಯಂತ್ರವಾದರೆ ತರಕಾರಿ ಮಾರುವವರು. ಕೈಗೆ ಕೊಟ್ಟು, ಒಂದು ಕೆಲಸ ಹೇಳಿ, ಆಮೇಲೆ ಸುಮ್ಮನಿರಬೇಕು. ಈ ಸುಮ್ಮನಿರುವುದೇ ಉತ್ಪಾದಕನಿಗೆ ಅತ್ಯಂತ ಕಷ್ಟದ ಭಾಗ. ಬಾಯಿ ತೆರೆದು ‘ಅದಲ್ಲ, ಇದು’ ಎಂದೊಡನೆ ಪರೀಕ್ಷೆ ಕೆಟ್ಟಿತು, ಏಕೆಂದರೆ ಮಾರಾಟವಾದ ಮೇಲೆ ನೀವು ಅವರ ಪಕ್ಕದಲ್ಲಿ ಇರುವುದಿಲ್ಲ. ಅವರು ಎಲ್ಲಿ ತಡೆದರು, ಯಾವ ಗುಂಡಿಯನ್ನು ಮೊದಲು ಮುಟ್ಟಿದರು, ಕೆಲಸ ಮುಗಿದಿದೆಯೆಂದು ಯಾವಾಗ ತಿಳಿದುಕೊಂಡರು ಎಂಬುದನ್ನಷ್ಟೇ ಬರೆದುಕೊಳ್ಳಿರಿ. ಅಚ್ಚು ತಯಾರಾಗುವ ಮುನ್ನ, ರಟ್ಟಿನ ಮಾದರಿಯ ಮೇಲೂ ಇದನ್ನು ಮಾಡಬಹುದು. ಅಚ್ಚಿನ ಉಕ್ಕನ್ನು ಕೊರೆದ ಮೇಲೆ ಗುಂಡಿಯ ಜಾಗ ಬದಲಿಸುವುದಕ್ಕೆ ಏನು ತಗಲುತ್ತದೆಂಬುದು ಪ್ಲಾಸ್ಟಿಕ್ ಉದ್ಯಮದ ಸದಸ್ಯರಿಗೆ ನನಗಿಂತ ಚೆನ್ನಾಗಿ ಗೊತ್ತು.

ಲೆಕ್ಕಪರಿಶೋಧಕನಾಗಿ ಒಂದು ಸಲಹೆಯನ್ನು ಸೇರಿಸುತ್ತೇನೆ. ಖಾತರಿಯ ಹೊಣೆಗಾಗಿ 29ನೆಯ ಲೆಕ್ಕ ಮಾನಕದ ಪ್ರಕಾರ ಕಾಯ್ದಿರಿಸುವ ಮೊತ್ತವನ್ನು ಹಿಂದಿನ ಅನುಭವದ ಆಧಾರದ ಮೇಲೆ ಅಂದಾಜು ಮಾಡುತ್ತೇವೆ. ಆ ಅನುಭವದ ದಾಖಲೆಯಾದ ವಾಪಸಾತಿ ವಹಿಯಲ್ಲಿ ‘ದೋಷಯುಕ್ತ’ ಎಂಬ ಒಂದೇ ಕಾಲಮಿನ ಬದಲಿಗೆ ಮೂರು ಕಾಲಮುಗಳನ್ನು ಎಳೆಸಿರಿ: ಭಾಗ ಕೆಟ್ಟಿದ್ದು, ಸಾಗಾಣಿಕೆಯಲ್ಲಿ ಹಾನಿಯಾದದ್ದು, ಪರೀಕ್ಷೆಯಲ್ಲಿ ಸರಿಯಾಗಿ ನಡೆದದ್ದು. ಮೂರನೆಯ ಕಾಲಮಿನ ಪ್ರತಿ ನಮೂದಿನ ಎದುರು, ಗ್ರಾಹಕ ಏನನ್ನು ಮಾಡಲು ಹೊರಟಿದ್ದ ಎಂಬುದನ್ನು ಅವನದೇ ಮಾತಿನಲ್ಲಿ ಒಂದು ಸಾಲು ಬರೆಸಿರಿ. ವರ್ಷಾಂತ್ಯದಲ್ಲಿ ಆ ಕಾಲಮಿನ ಮೊತ್ತವನ್ನು ನಿಮ್ಮ ಲೆಕ್ಕಪರಿಶೋಧಕರ ಮುಂದಿಡುವ ಮೊದಲು, ನಿಮ್ಮ ಸರಕಿನ ನಕ್ಷೆ ಬರೆಯುವವನ ಮುಂದಿಡಿರಿ.